ನೋಮಿನ ದಾರ

ನಿಖಿತಾಳ ಒಂದು ಜಡೆ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಶೈಲಾ ರಿಬ್ಬನ್ನಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಮಗಳ ಕೂದಲಿನ ಮೂರೆಳೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಬಲಗೈ ಚಾಚಿ ಫೋನ್ ಎತ್ತಿದಳು. ಆಸ್ಪತ್ರೆಯಿಂದ ಬಸವರಾಜೇಶ್ವರಿ ಮೇಡಂ.

ರಾಜಾಜಿನಗರದ ಆ ಕಣ್ಣಿನ ಆಸ್ಪತ್ರೆಯಲ್ಲಿ ಯಾರಿಗೆ ಯಾವತ್ತು ಡ್ಯೂಟಿ, ಯಾರಿಗೆ ರಜೆ ಎಂದು ಬರೆಯುವವರು ಅವರೇ. ಶೈಲಾ ಅಲ್ಲಿ ಒಂಬತ್ತು ವರ್ಷದಿಂದ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಉಳಿದ ಆಫೀಸುಗಳೆಲ್ಲ ಬಾಗಿಲು ಹಾಕಿಕೊಳ್ಳುವ ದೀಪಾವಳಿಯಲ್ಲೇ ಅಲ್ಲಿ ಕೈತುಂಬ ಕೆಲಸ. ಅಮಾವಾಸ್ಯೆಯ ಸಂಜೆ ಆರು ದಾಟಿತೆಂದರೆ ಹೂಕುಂಡದ ಮೇಲೆ ಬಗ್ಗಿದ ಮಕ್ಕಳು, ಬೀದಿಯಲ್ಲಿ ತಮ್ಮ ಪಾಡಿಗೆ ತಾವು ಹೋಗುತ್ತಿದ್ದ ಮುದುಕರು, ಎಲ್ಲರೂ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಬರುತ್ತಾರೆ. ಆದ್ದರಿಂದ ಆ ದಿನ ಅರ್ಧ ಜನಕ್ಕೆ ಮಾತ್ರ ರಜೆ. ಒಂದು ವರ್ಷ ದುಡಿದವರಿಗೆ ಮರುವರ್ಷ ಬಿಡುವು. ಶೈಲಾ ಎರಡು ವರ್ಷ ಬಿಡದೆ ದುಡಿದಿದ್ದಳು. ಈ ಸಲ ಅವಳ ರಜೆಯನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ. ಮೇಡಂ ಫೋನ್ ಮಾಡಿದ್ದೂ ಅದಕ್ಕೇ. ರಜೆ ಎಂದು ಬರೆದುಕೊಳ್ಳಲೇ ಎಂದು ಒಂದು ಮಾತು ಕೇಳುವುದಕ್ಕೆ.

ಅಡುಗೆಮನೆಯಲ್ಲಿ ಅತ್ತೆ ಕಮಲಾಕ್ಷಮ್ಮ ಮೊರದಲ್ಲಿ ಅಕ್ಕಿ ಕೇರುವ ಸದ್ದು ಕೇಳುತ್ತಿತ್ತು. ಶೈಲಾ ರಿಬ್ಬನ್ನನ್ನು ಬಾಯಿಂದ ತೆಗೆದು, ದನಿ ತಗ್ಗಿಸಿದಳು.

"ಬೇಡ ಮೇಡಂ. ಅಮಾವಾಸ್ಯೆ ದಿನ ನನ್ನ ಹೆಸರು ಹಾಕ್ಬಿಡಿ. ಮಧ್ಯಾಹ್ನ ಎರಡರಿಂದ."

ಮೇಡಂ ಕೇಳಿದರು: "ಹುಷಾರಾಗಿದೀಯ ತಾನೆ? ಹಬ್ಬದ ದಿನ ಡ್ಯೂಟಿ ಬೇಕು ಅಂತ ಕೇಳಿ ಹಾಕಿಸ್ಕೊಳ್ಳೋರನ್ನ ಇಪ್ಪತ್ತು ವರ್ಷದಲ್ಲಿ ನೋಡಿಲ್ಲ ನಾನು."

ಶೈಲಾ ನಕ್ಕಂತೆ ಮಾಡಿ ಫೋನ್ ಇಟ್ಟಳು. ನಿಖಿತಾ ತಿರುಗಿ ಕೂತಿದ್ದಳು. ಹಿಡಿದಿದ್ದ ಕೂದಲು ಕೈಯಿಂದ ಜಾರಿ, ಅರ್ಧ ಹೆಣೆದ ಜಡೆ ಪೂರ್ತಿ ಬಿಚ್ಚಿಹೋಗಿತ್ತು. ಎಂಟು ವರ್ಷದ ಹುಡುಗಿ. ಮೂರನೇ ಕ್ಲಾಸು. ಕಿವಿ ಮಾತ್ರ ದೊಡ್ಡವರದು.

"ಅಜ್ಜಿಗೆ ಹೇಳಬೇಡ ಪುಟ್ಟಿ," ಎಂದಳು ಶೈಲಾ. ಹೇಳಿದ ಮೇಲೆ ಆ ಮಾತನ್ನು ವಾಪಸು ತೆಗೆದುಕೊಳ್ಳೋಣವೆನ್ನಿಸಿತು. ಆದರೆ ಆಡಿ ಆಗಿತ್ತು.

"ಅಮ್ಮ, ಒಂದು ಕೇಳ್ಲಾ?"

"ಆಮೇಲೆ ಕೇಳುವೆಯಂತೆ. ವ್ಯಾನ್ ಬರುತ್ತೆ, ಆ ಕಡೆ ತಿರುಗು," ಎಂದು ಶೈಲಾ ಮತ್ತೆ ಬಾಚಣಿಗೆ ಹಿಡಿದಳು.

ಗೋವಿಂದರಾಜನಗರದ ಈ ಮನೆಗೆ ಅವಳು ಸೊಸೆಯಾಗಿ ಬಂದು ಹತ್ತು ವರ್ಷ ಕಳೆದಿತ್ತು. ಅವಳ ತವರು ರಾಣೆಬೆನ್ನೂರಿನ ಕಡೆ. ಅಲ್ಲಿ ದೀಪಾವಳಿ ಎಂದರೆ ನೀರು ತುಂಬುವುದು, ಲಕ್ಷ್ಮೀಪೂಜೆ, ಎಣ್ಣೆಸ್ನಾನ. ಗಂಡನ ಮನೆಯವರದು ತಿಪಟೂರಿನ ಕಡೆಯ ಮೂಲ, ಇವರಲ್ಲಿ ನೋಮು ಉಂಟು. ಅಮಾವಾಸ್ಯೆಯ ದಿನ ಕಳಶವಿಟ್ಟು ಕೇದಾರೇಶ್ವರನನ್ನು ಪೂಜೆ ಮಾಡಿ, ಇಪ್ಪತ್ತೊಂದು ಕಜ್ಜಾಯ, ಇಪ್ಪತ್ತೊಂದು ವೀಳ್ಯದೆಲೆ, ಇಪ್ಪತ್ತೊಂದು ಅಡಿಕೆ ಇಟ್ಟು, ಇಪ್ಪತ್ತೊಂದು ಎಳೆಯ ದಾರವನ್ನು ತೋಳಿಗೆ ಕಟ್ಟಿಕೊಳ್ಳುವ ವ್ರತ ಅದು. ದಾರ ಕಟ್ಟಿಕೊಂಡ ಹೆಂಗಸೇ ಅಕ್ಕಿ ನೆನೆಸುವುದರಿಂದ ಹಿಡಿದು ಕಜ್ಜಾಯ ಕರಿಯುವವರೆಗೆ ಮಡಿಯಲ್ಲಿ ಮಾಡಬೇಕು. ಪೂಜೆ ಮುಗಿಯುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ.

ಶೈಲಾ ಕೆಲಸಕ್ಕೆ ಹೆದರುವವಳಲ್ಲ. ವರಮಹಾಲಕ್ಷ್ಮಿ, ಗೌರಿ, ಗಣೇಶ, ದಸರಾ ಎಂದು ಶ್ರಾವಣದಿಂದ ಒಂದರ ಹಿಂದೊಂದು ಬಂದ ಹಬ್ಬಗಳನ್ನೆಲ್ಲ ಅವಳು ಡ್ಯೂಟಿಯ ಆಚೆ ಈಚೆ ಹೇಗೋ ಹೊಂದಿಸಿಕೊಂಡಿದ್ದಳು. ಅವುಗಳಲ್ಲಿ ಒಂದು ವರ್ಷ ಒಬ್ಬಟ್ಟನ್ನು ಅಂಗಡಿಯಿಂದ ತಂದರೂ ನಡೆಯುತ್ತಿತ್ತು. ಒಂದು ವರ್ಷ ಆಗಲಿಲ್ಲವೆಂದು ಕೈಮುಗಿದರೂ ನಡೆಯುತ್ತಿತ್ತು. ನೋಮು ಹಾಗಲ್ಲ. ಒಮ್ಮೆ ತಗೊಂಡರೆ ಬಿಡುವಂತಿಲ್ಲ. ಯಾವ ಅಮಾವಾಸ್ಯೆಯಲ್ಲಿ ಯಾವ ಊರಿನಲ್ಲಿದ್ದರೂ ಮನೆಗೆ ಬಂದು ಮುಟ್ಟಬೇಕು. ಕೆಳಗಿಡಬೇಕಾದರೆ ಮನೆಯ ಇನ್ನೊಬ್ಬ ಹೆಂಗಸು ಅದನ್ನು ಎತ್ತಿಕೊಳ್ಳಬೇಕು.

ನಲವತ್ತೊಂದು ವರ್ಷ ಅದನ್ನು ಹೊತ್ತವರು ಕಮಲಾಕ್ಷಮ್ಮ. ಈಗ ಸಕ್ಕರೆ ಕಾಯಿಲೆ. ಕಳೆದ ವರ್ಷ ಉಪವಾಸದಲ್ಲಿ ಕಣ್ಣು ಕತ್ತಲೆ ಬಂದು ಒಲೆಯ ಮುಂದೆಯೇ ಕುಸಿದಿದ್ದರು. ಇನ್ನು ಮೇಲೆ ಹೊಟ್ಟೆ ಖಾಲಿ ಇರಕೂಡದೆಂದು ಡಾಕ್ಟರು ಗದರಿದ್ದರು. ಆಯುಧಪೂಜೆಯ ಸಂಜೆ ಎಲ್ಲರಿಗೂ ಪ್ರಸಾದದ ಚರುಪು ಹಂಚುತ್ತ ಅವರು, ಈ ವರ್ಷ ನೋಮು ಶೈಲಾ ತಗೋತಾಳೆ ಎಂದಿದ್ದರು. ಅದು ಕೇಳಿದ ಮಾತಲ್ಲ, ಹೇಳಿದ ಮಾತು. ಎಲ್ಲರೂ ಶೈಲಾಳ ಕಡೆ ನೋಡಿ ನಕ್ಕರು. ಶೈಲಾಳೂ ನಕ್ಕಳು. ಆ ನಗುವನ್ನೇ ಒಪ್ಪಿಗೆಯೆಂದು ಇಟ್ಟುಕೊಂಡರು.

ಡ್ಯೂಟಿಗೆ ಹೆಸರು ಹಾಕಿಸಿಕೊಂಡ ದಿನ ಸಂಜೆ ಅವಳು ಚಪ್ಪಲಿ ಬಿಡುತ್ತಲೇ, ಈ ವರ್ಷವೂ ರಜೆ ಕೊಟ್ಟಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ದಾರಿಯುದ್ದಕ್ಕೂ, ಮಾಗಡಿ ರಸ್ತೆಯ ಪ್ರತಿ ಸಿಗ್ನಲ್ಲಿನಲ್ಲೂ ಆ ವಾಕ್ಯವನ್ನು ಹೆಲ್ಮೆಟ್ಟಿನೊಳಗೆ ಹೇಳಿ ಹೇಳಿ ನೋಡಿಕೊಂಡಿದ್ದಳು. ಅತ್ತೆ ಮುಖ ಊದಿಸಿಕೊಳ್ಳಬಹುದು, ಇಂಥ ಕೆಲಸ ಯಾಕೆ ಬೇಕು ಎನ್ನಬಹುದು ಎಂದು ಎಣಿಸಿದ್ದಳು. ಅದಕ್ಕೆ ಉತ್ತರವೂ ತಯಾರಿತ್ತು.

ಕಮಲಾಕ್ಷಮ್ಮ ಅಂಥದ್ದೇನೂ ಹೇಳಲಿಲ್ಲ. ಟೀವಿ ಆರಿಸಿ, ಮಂಡಿ ಹಿಡಿದುಕೊಂಡು ಎದ್ದು ಬಂದು, "ಮೂರನೇ ವರ್ಷ ಆಯ್ತಲ್ಲೇ. ಪಾಪ, ನಿನ್ನೊಬ್ಬಳನ್ನೇ ಹಿಡ್ಕೊಂಡಿದಾರಲ್ಲ ಅವರು," ಎಂದು ಸೊಸೆಯ ಕೈಯಿಂದ ಬ್ಯಾಗು ಇಸಿದುಕೊಂಡರು. ಆಮೇಲೆ ಗಂಡನ ಕಡೆ ತಿರುಗಿದರು. ಮಾವ ರೇವಣಸಿದ್ದಯ್ಯನವರು ಆಗಲೇ ಕನ್ನಡಕ ಏರಿಸಿ ಪಂಚಾಂಗ ತೆರೆದಿದ್ದರು. ಅವರು ಬೆರಳಿಟ್ಟು ಎರಡು ಸಲ ಓದಿ, ಅಮಾವಾಸ್ಯೆ ಹಿಂದಿನ ದಿನವೇ ಹಿಡಿಯುತ್ತದೆ, ಪೂಜೆಯನ್ನು ಸಂಜೆಗೆ ಬದಲು ಬೆಳಿಗ್ಗೆಯೇ ಮಾಡಬಹುದು, ಹನ್ನೊಂದಕ್ಕೆಲ್ಲ ಮುಗಿಸಿ ಸೊಸೆಯನ್ನು ಕಳಿಸಿಕೊಡೋಣ ಎಂದರು. ಗಂಡ ಚನ್ನವೀರೇಶ್ ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ನೋಡಿಕೊಳ್ಳುವವನು, ಅವನಿಗೆ ನಾಲ್ಕು ದಿನ ರಜೆ. ತಾನೇ ಕಾರಿನಲ್ಲಿ ಬಿಟ್ಟುಬರುತ್ತೇನೆ ಎಂದ.

ಮುಂದಿನ ವರ್ಷ ತಗೊಂಡರೆ ಆಗುವುದಿಲ್ಲವೇ ಎಂದು ಶೈಲಾ ಕೇಳಿದಳು. ನಡುವೆ ಒಂದು ವರ್ಷ ಬಿಟ್ಟರೆ ನೋಮು ಇರುವ ಬೇರೆ ಮನೆಗೆ ಹೋಗಿ ಸೆರಗೊಡ್ಡಿ ಬೇಡಿ ತರಬೇಕಾಗುತ್ತದೆ, ಅದೆಲ್ಲ ಯಾಕೆ, ನಿನಗೆ ತೊಂದರೆಯಾಗದ ಹಾಗೆ ನಾವೆಲ್ಲ ನೋಡಿಕೊಳ್ಳುತ್ತೇವೆ ಎಂದರು ಅತ್ತೆ. ಆ ದನಿಯಲ್ಲಿ ಪ್ರೀತಿಯೇ ಇತ್ತು. ಅವಳು ಹುಡುಕಿಕೊಂಡಿದ್ದ ಒಂದೇ ಒಂದು ಬಾಗಿಲನ್ನು ಮೂವರೂ ಸೇರಿ, ಅವಳ ಅನುಕೂಲಕ್ಕೆಂದೇ, ಮೆತ್ತಗೆ ಮುಚ್ಚಿದ್ದರು.

ನಿಖಿತಾ ಊಟದ ಟೇಬಲ್ಲಿನ ಮೇಲೆ ಹೋಂವರ್ಕ್ ಬಿಡಿಸಿಕೊಂಡು ಕೂತಿದ್ದಳು. ಪೆನ್ಸಿಲ್ ನಿಂತಿತ್ತು.

ಮುಂದೆ ಬಂದ ಭಾನುವಾರ ಶೈಲಾ ಟೆರೇಸಿನ ನೆರಳಿನಲ್ಲಿ ಪಂಚೆ ಹಾಸಿ ನೆನೆದ ಅಕ್ಕಿ ಹರಡುತ್ತಿದ್ದಳು. ಕಜ್ಜಾಯದ ಅಕ್ಕಿ ಪೂರ್ತಿ ಒಣಗಬಾರದು, ಕೈಗೆ ತಣ್ಣಗೆ ಹತ್ತುವ ಹದದಲ್ಲೇ ಹಿಟ್ಟಾಗಬೇಕು. ಚನ್ನವೀರೇಶ್ ಕಾಗೆ ಬಾರದಂತೆ ನೋಡಿಕೊಳ್ಳುವ ನೆಪದಲ್ಲಿ ನೀರಿನ ಟ್ಯಾಂಕಿಗೆ ಒರಗಿ ಫೋನ್ ನೋಡುತ್ತ ನಿಂತಿದ್ದ. ಅವಳು ಅಕ್ಕಿಯ ಮೇಲೆ ಕೈಯಾಡಿಸುತ್ತಲೇ, ತನಗೆ ಇದು ಬೇಡವೆನ್ನಿಸುತ್ತದೆ ಎಂದಳು.

"ಯಾವುದು, ಕಜ್ಜಾಯವಾ?"

"ನೋಮು."

ಅವನು ಫೋನ್ ಜೇಬಿಗಿಟ್ಟ. ಅದೊಂದು ಒಳ್ಳೆಯ ಗುಣ ಅವನಲ್ಲಿ. "ವರ್ಷಕ್ಕೆ ಒಂದು ದಿನ ಕಣೇ. ಅಮ್ಮನ ಮನಸ್ಸಿಗೆ ಸಮಾಧಾನ. ಆಗಲ್ಲ ಅಂದ್ರೆ ಮುಂದೆ ನೋಡೋಣ ಬಿಡು."

"ಮುಂದೆ ನೋಡೋಕಾಗಲ್ವಲ್ಲ ಇದನ್ನ. ನೀವೇ ತಗೊಳ್ಳಿ ಹಾಗಾದ್ರೆ. ನಿಮ್ಮ ಮನೆಯದು ತಾನೆ."

"ನಾನು ಕರಿದ ಕಜ್ಜಾಯನ ಕೇದಾರೇಶ್ವರ ತಿಂದ್ರೆ ನಿನ್ನ ಆಸ್ಪತ್ರೆಗಲ್ಲ, ಹಲ್ಲಿನ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ," ಎಂದು ಅವನು ನಕ್ಕ. ಅವಳಿಗೂ ನಗು ಬಂತು. ನಗು ಬಂದದ್ದಕ್ಕೆ ಆಮೇಲೆ ಇಡೀ ದಿನ ತನ್ನ ಮೇಲೆಯೇ ಸಿಟ್ಟು ಬಂತು. ಅವನಿಗೆ ಮಾತು ಮುಗಿದಿತ್ತು.

ಬೇಡವೆಂದರೆ ಯಾರೂ ಹೊಡೆಯುವುದಿಲ್ಲ, ಬಯ್ಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಒಂದು ಶಬ್ದ ಹೇಳುವುದು ಅಷ್ಟು ಕಷ್ಟವಾಗಿತ್ತು. ನಿಖಿತಾ ಹುಟ್ಟಿದ ಮೂರನೇ ತಿಂಗಳಿಗೆ ಅವಳನ್ನು ಕೆಲಸಕ್ಕೆ ಕಳಿಸಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬೆಳೆಸಿದವರು ಅತ್ತೆ. ಇವತ್ತಿಗೂ ಅವಳ ಡಬ್ಬಿಗೆ ಮೊಸರನ್ನ ಕಲಸಿ, ಮೇಲೆ ದಾಳಿಂಬೆ ಉದುರಿಸಿ ಇಡುವವರು ಅವರೇ. ಅಂಥವರ ಮುಂದೆ ನಿಂತು, ನೀವು ನಲವತ್ತೊಂದು ವರ್ಷ ಹಿಡಿದದ್ದನ್ನು ನಾನು ಹಿಡಿಯಲಾರೆ ಎನ್ನುವುದು ಹೇಗೆ? ಆಸ್ಪತ್ರೆಯಲ್ಲಿ ಅವಳು ದಿನಕ್ಕೆ ಅರವತ್ತು ಜನರ ಗಲ್ಲ ಹಿಡಿದು ಮೇಲೆ ನೋಡಿ, ಕೆಳಗೆ ನೋಡಿ, ಮಿಟುಕಿಸಬೇಡಿ ಎಂದು ಖಡಕ್ಕಾಗಿ ಹೇಳುತ್ತಿದ್ದಳು. ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಆ ದನಿ ಎಲ್ಲಿ ಹೋಗುತ್ತಿತ್ತೋ.

ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಇನ್ನೊಂದಾಯಿತು. ಅವಳು ಬಚ್ಚಲಿನಲ್ಲಿ ಸಮವಸ್ತ್ರ ಒಗೆಯುತ್ತಿದ್ದಳು. ಹೊರಗೆ ಕಮಲಾಕ್ಷಮ್ಮ ಮೊಮ್ಮಗಳಿಗೆ ಹಾಲು ಕೊಡುತ್ತ, ನಿಮ್ಮಮ್ಮನ ಮೇಡಂ ಅಷ್ಟೊಂದು ಜೋರಾ, ಫೋನಿನಲ್ಲಿ ಬಯ್ಯುತ್ತಾರಾ, ನೀನು ಯಾವತ್ತಾದರೂ ಕೇಳಿದ್ದೀಯಾ ಎಂದು ವಿಚಾರಿಸುತ್ತಿದ್ದುದು ಕಿವಿಗೆ ಬಿತ್ತು. ಶೈಲಾ ನಲ್ಲಿ ನಿಲ್ಲಿಸಿದಳು.

"ಗೊತ್ತಿಲ್ಲ ಅಜ್ಜಿ. ನಾನು ಕೇಳಿಲ್ಲ," ಎಂದಳು ನಿಖಿತಾ.

ಸುಳ್ಳು ಹೇಳುವಾಗ ಮಕ್ಕಳ ದನಿ ಸ್ವಲ್ಪ ತೆಳುವಾಗುತ್ತದೆ. ಅದು ತಾಯಿಗೆ ಮಾತ್ರ ತಿಳಿಯುತ್ತದೆ. ಶೈಲಾ ಸೋಪಿನ ಕೈಯಲ್ಲೇ ಬಾಗಿಲ ಹತ್ತಿರ ಬಂದು ನಿಂತಳು. ಮಗು ಲೋಟದಲ್ಲಿ ಮುಖ ಹುದುಗಿಸಿಕೊಂಡಿತ್ತು. ಅಂದು ಮಲಗುವಾಗ ಅದು ಮತ್ತೆ, ಅಮ್ಮ, ಒಂದು ಕೇಳ್ಲಾ ಎಂದಿತು. ಏನು ಕೇಳುತ್ತದೆಂದು ಶೈಲಾಳಿಗೆ ಗೊತ್ತಿತ್ತು. ನಾಳೆ ಕೇಳು ಕಂದ, ಅಮ್ಮಂಗೆ ಸುಸ್ತು ಎಂದು ಹೊದಿಕೆ ಹೊದಿಸಿ ತಟ್ಟಿದಳು. ಮಗು ಗೋಡೆಯ ಕಡೆ ತಿರುಗಿತು. ಅದರ ಉಸಿರು ನಿದ್ದೆಯ ಉಸಿರಾಗಲು ಬಹಳ ಹೊತ್ತು ಹಿಡಿಯಿತು.

ಅಮಾವಾಸ್ಯೆಯ ಹಿಂದಿನ ದಿನ ಅವಳಿಗೆ ವಾರದ ರಜೆ. ಎಣ್ಣೆಸ್ನಾನ ಮುಗಿಸಿ ಮಡಿಯುಟ್ಟು ಒಲೆಯ ಮುಂದೆ ನಿಂತಳು. ಅಕ್ಕಿ ಹಿಟ್ಟಾದ ದಿನವೇ ಪಾಕ ಹಿಡಿದು ಕಲಸಿಟ್ಟಾಗಿತ್ತು. ಪಾಕ ಹಿಡಿಯುವಾಗ ಒಂದು ಕ್ಷಣ ಅವಳ ಮನಸ್ಸಿಗೆ ಕೆಟ್ಟದ್ದೊಂದು ಹೊಳೆದಿತ್ತು. ಬೆಲ್ಲ ಇನ್ನೆರಡು ನಿಮಿಷ ಕುದಿಯಲಿ, ಏರುಪಾಕವಾಗಲಿ, ಕಜ್ಜಾಯ ಕಲ್ಲಾಗಲಿ. ಇವಳ ಕೈಗೆ ಇದು ಬರುವುದಿಲ್ಲವೆಂದು ಅವರಿಗೇ ಅನ್ನಿಸಲಿ. ಆದರೆ ಬಟ್ಟಲಿನ ನೀರಿಗೆ ಹಾಕಿದ ಬೆಲ್ಲ ಬೆರಳಿಗೆ ಮೆತ್ತಗೆ ಉಂಡೆಯಾದ ತಕ್ಷಣ, ಅವಳು ಯೋಚಿಸುವ ಮೊದಲೇ ಅವಳ ಕೈ ಒಲೆ ಆರಿಸಿತ್ತು.

ಈಗ ಬಾಳೆಎಲೆಯ ಮೇಲೆ ಗಸಗಸೆ ಉದುರಿಸಿ, ಹಿಟ್ಟು ತಟ್ಟಿ ತುಪ್ಪಕ್ಕೆ ಬಿಟ್ಟರೆ ಒಂದೊಂದೂ ಅರಳಿ ಮೇಲೆ ಬರುತ್ತಿತ್ತು. ಒಂದೂ ಒಡೆಯಲಿಲ್ಲ. ಎರಡು ಸೌಟುಗಳ ನಡುವೆ ಒತ್ತಿ ತುಪ್ಪ ಇಳಿಸುತ್ತಿದ್ದಳು. ಕಮಲಾಕ್ಷಮ್ಮ ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಊದಿದ ಮಂಡಿಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ನೋಡುತ್ತಿದ್ದರು.

"ನಿನ್ನ ಕೈಗೆ ಬಂದ್ಬಿಡ್ತು ಕಣೇ. ನಂಗೆ ಮೊದಲನೇ ಸಲ ಹನ್ನೊಂದು ಒಡೆದಿತ್ತು."

ಶೈಲಾ ಇನ್ನೊಂದನ್ನು ತುಪ್ಪಕ್ಕೆ ಬಿಟ್ಟಳು. ಅತ್ತೆಯೇ ಮಾತು ಮುಂದುವರಿಸಿದರು. ಮದುವೆಯಾಗಿ ಬಂದ ವರ್ಷವೇ ಅವರ ಅತ್ತೆ ದಾರ ಕಟ್ಟಿದ್ದರಂತೆ. ಇಪ್ಪತ್ತೆರಡು ವಯಸ್ಸು. ಒಂದು ಸಲ ಟೈಫಾಯ್ಡ್ ಜ್ವರದಲ್ಲಿ ಗೋಡೆ ಹಿಡಿದುಕೊಂಡು ಕರಿದಿದ್ದರಂತೆ. ಇನ್ನೊಂದು ಸಲ ತಂಗಿಯ ಮನೆಯ ಗೃಹಪ್ರವೇಶ ಅರ್ಧಕ್ಕೆ ಬಿಟ್ಟು ರಾತ್ರಿ ಬಸ್ಸಿನಲ್ಲಿ ನಿಂತು ಬಂದಿದ್ದರಂತೆ. ಇದನ್ನೆಲ್ಲ ಅವರು ದೂರಿನಂತೆ ಹೇಳಲಿಲ್ಲ. ಯಾರದೋ ಸಾಹಸದ ಕಥೆಯಂತೆ ಹೇಳಿದರು. ಆಮೇಲೆ ಸ್ವಲ್ಪ ನಾಚಿಕೊಂಡವರ ಹಾಗೆ, ಅಡುಗೆಮನೆಯ ಕಿಟಕಿಯ ಕಡೆ ನೋಡುತ್ತ ಹೇಳಿದರು:

"ಒಂದು ಆಸೆ ಇತ್ತು ನೋಡು ನಂಗೆ. ನಗಬೇಡ. ದೀಪಾವಳಿ ಅಮಾವಾಸ್ಯೆ ದಿನ ಬೆಳಿಗ್ಗೆ ಎದ್ದು, ಎಲ್ಲರ ಹಾಗೆ ಹೊರಗಡೆ ಮೆಟ್ಟಿಲ ಮೇಲೆ ಕೂತು ಒಂದು ಲೋಟ ಬಿಸಿ ಕಾಫಿ ಕುಡೀಬೇಕು ಅಂತ. ನಲವತ್ತೊಂದು ವರ್ಷದಿಂದ. ನಾಳೆ ಕುಡೀತೀನಿ."

ಶೈಲಾಳ ಕೈಯಲ್ಲಿದ್ದ ಸೌಟುಗಳು ನಿಂತವು. ಒತ್ತಿ ಹಿಡಿದ ಕಜ್ಜಾಯದಿಂದ ತುಪ್ಪ ತೊಟ್ಟಿಕ್ಕುತ್ತಲೇ ಇತ್ತು. ಅತ್ತೆ ಈ ವ್ರತವನ್ನು ಹೆಮ್ಮೆಯಿಂದ ಹೊತ್ತಿದ್ದಾರೆಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಅವರೂ ಕೆಳಗಿಡುವ ದಿನಕ್ಕಾಗಿ ಕಾದವರೆಂದು ಅವಳಿಗೆ ಹೊಳೆದಿರಲಿಲ್ಲ. ಈಗ ತಾನು ಬೇಡವೆಂದರೆ ನಾಳೆ ಬೆಳಗಿನ ಆ ಕಾಫಿಯನ್ನು ಅವರ ಕೈಯಿಂದ ತಾನೇ ಕಿತ್ತುಕೊಂಡಂತೆ. ಹೊರಗಿನ ಒಂದು ಬಾಗಿಲು ಮುಚ್ಚಿದ್ದು ಸಾಲದೆಂಬಂತೆ ಒಳಗಿನದೂ ಮುಚ್ಚಿತು. ಅವಳು ಮುಂದಿನ ಹಿಟ್ಟಿನ ಉಂಡೆ ತೆಗೆದು ತಟ್ಟತೊಡಗಿದಳು.

ಅಮಾವಾಸ್ಯೆಯ ಬೆಳಿಗ್ಗೆ ಕಮಲಾಕ್ಷಮ್ಮ ನಿಜಕ್ಕೂ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದರು. ಎದುರುಮನೆಯವರು ನೋಡಿ, ಏನಮ್ಮ ಈ ಸಲ ಉಪವಾಸ ಇಲ್ವಾ ಎಂದು ಕೇಳಿದರು. ಈಗ ಸೊಸೆ ಇದ್ದಾಳೆ, ಎಂದರು ಅವರು. ಒಳಗೆ ದೇವರಮನೆಯಲ್ಲಿ ರಂಗೋಲಿ ಬಿಡಿಸುತ್ತಿದ್ದ ಶೈಲಾಳಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಬರಿಹೊಟ್ಟೆಯಲ್ಲಿ ಕರ್ಪೂರದ ವಾಸನೆ ತಲೆಗೇರುತ್ತಿತ್ತು.

ಹತ್ತೂವರೆಗೆ ಕಳಶ ನಿಂತಿತು. ರೇವಣಸಿದ್ದಯ್ಯನವರು ವ್ರತದ ಕಥೆ ಓದಿ ಮುಗಿಸಿದರು. ಇಪ್ಪತ್ತೊಂದು ಕಜ್ಜಾಯ ಬಾಳೆಎಲೆಯ ಮೇಲೆ, ಒಂದಕ್ಕಿಂತ ಒಂದು ಚೆನ್ನಾಗಿ. ಚನ್ನವೀರೇಶ್ ಪಂಚೆಯ ಮಡಿಕೆ ಸರಿಮಾಡಿಕೊಂಡು ಗಡಿಯಾರದ ಕಡೆ ಒಂದು ಕಣ್ಣಿಟ್ಟಿದ್ದ. ಹೆಂಡತಿಯನ್ನು ಸಮಯಕ್ಕೆ ಸರಿಯಾಗಿ ಬಿಡಬೇಕಲ್ಲ. ನಿಖಿತಾ ಹೊಸ ಲಂಗದಲ್ಲಿ ಅಮ್ಮನ ಪಕ್ಕಕ್ಕೆ ಒತ್ತಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಪಟಾಕಿ ಬೇಕೆಂದೂ ಕೇಳಿರಲಿಲ್ಲ.

ನೋಮು ಕೈಬದಲಾಗುವುದಕ್ಕೆ ಆ ಮನೆಯಲ್ಲಿ ಒಂದು ಕ್ರಮವಿತ್ತು. ಕೊಡುವವಳು ಹಳೆಯ ದಾರವನ್ನು ಕಳಶದ ಬುಡಕ್ಕಿಟ್ಟು, ಅರಿಶಿನ ಹಚ್ಚಿದ ಹೊಸ ದಾರವನ್ನು ಕೈಗೆತ್ತಿಕೊಂಡು ಒಮ್ಮೆ ಕೇಳಬೇಕು. ತಗೊಳ್ಳುವವಳು ಎಲ್ಲರಿಗೂ ಕೇಳುವ ಹಾಗೆ ಬಾಯಿಬಿಟ್ಟು ಉತ್ತರ ಕೊಡಬೇಕು. ಆ ಉತ್ತರವಿಲ್ಲದೆ ದಾರ ಕಟ್ಟುವಂತಿಲ್ಲ.

ಕಮಲಾಕ್ಷಮ್ಮ ನೆಲಕ್ಕೆ ಕೂರಲಾರದೆ ಸಣ್ಣ ಸ್ಟೂಲಿನ ಮೇಲೆ ಕೂತಿದ್ದರು. ಹಳೆಯ ದಾರ ಬಿಚ್ಚಿದ ತೋಳಿನಲ್ಲಿ, ವರ್ಷ ವರ್ಷವೂ ಅದೇ ಜಾಗದಲ್ಲಿ ಕಟ್ಟಿ ಕಟ್ಟಿ, ಬೆಳ್ಳಗೆ ಒಂದು ಗೆರೆ ಉಳಿದಿತ್ತು. ಹೊಸ ದಾರವನ್ನು ಎರಡೂ ಕೈಯಲ್ಲಿ ಹಿಡಿದು ಅವರು ಸೊಸೆಯ ಮುಖ ನೋಡಿದರು.

"ಶೈಲಾ, ನೋಮು ತಗೊಂಡ್ಯಾ?"

ತಗೊಂಡೆ ಎಂದರೆ ಮುಗಿಯಿತು. ಬರೀ ಒಂದು ಮಾತು. ಶೈಲಾ ಸೆರಗೊಡ್ಡಿದಳು. ತುಟಿ ತೆರೆದಳು. ಅತ್ತೆಯ ಮುಖದಲ್ಲಿ ಬೆಳಗಿನ ಆ ಕಾಫಿಯ ಸಂತೋಷ ಇನ್ನೂ ಇತ್ತು. ಅದನ್ನು ನೋಡುತ್ತ ಹೇಳಲಾರದೆ ಅವಳು ಕಳಶದ ಕಡೆ ಕಣ್ಣು ತಿರುಗಿಸಿದಳು.

"ಹೇಳಮ್ಮ," ಎಂದರು ಮಾವ, ಮೆತ್ತಗೆ. ಚನ್ನವೀರೇಶ್ ಗಡಿಯಾರ ಬಿಟ್ಟು ಅವಳನ್ನೇ ನೋಡಿದ. ಬೀದಿಯಲ್ಲಿ ಯಾರೋ ಹೊಡೆದ ಪಟಾಕಿಯ ಸರ ಒಂದೇ ಸಮನೆ ಸಿಡಿದು ನಿಂತಿತು. ಕಮಲಾಕ್ಷಮ್ಮನವರ ಕೈಗಳು ದಾರ ಹಿಡಿದುಕೊಂಡೇ ಸ್ವಲ್ಪ ಕೆಳಗಿಳಿದವು.

ಪಕ್ಕದಿಂದ ನಿಖಿತಾ ಅವಳ ಸೆರಗು ಜಗ್ಗಿದಳು.

"ಅಮ್ಮ, ಒಂದು ಕೇಳ್ಲಾ?"

ಪೂಜೆಯ ಹೊತ್ತಿನಲ್ಲಿ ಏನೇ ಅದು, ಆಮೇಲೆ ಕೇಳು, ಎಂದ ಚನ್ನವೀರೇಶ್. ಶೈಲಾ ಮಗಳ ಕಡೆ ತಿರುಗಿದಳು. ಹತ್ತು ದಿನದಿಂದ ಆ ಪುಟ್ಟ ಮುಖ ಒಂದೇ ಒಂದು ಪ್ರಶ್ನೆಯನ್ನು ಹೊತ್ತು ಮನೆ ತುಂಬ ಓಡಾಡಿತ್ತು. ಸ್ಕೂಲಿಗೆ ಹೋಗಿತ್ತು, ಹಾಲು ಕುಡಿದಿತ್ತು, ಅಜ್ಜಿಗೆ ಸುಳ್ಳು ಹೇಳಿತ್ತು. 'ಆಮೇಲೆ' ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಬೆವೆತ ಆ ಸಣ್ಣ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಕೇಳು ಪುಟ್ಟಿ," ಎಂದಳು.

ನಿಖಿತಾ ಒಮ್ಮೆ ಅಜ್ಜಿಯನ್ನು ನೋಡಿದಳು, ಅಜ್ಜಿಯ ಕೈಯಲ್ಲಿದ್ದ ದಾರವನ್ನು ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಸ್ಕೂಲಿನಲ್ಲಿ ಎದ್ದು ನಿಂತು ಕೇಳುವ ದನಿಯಲ್ಲಿ ಕೇಳಿದಳು:

"ಅಮ್ಮ, ನಿಂಗೆ ಈ ದಾರ ಬೇಡ್ವಾ?"